ಅಂಗಳದ ಡೇರೆ, ಹಿತ್ತಲ ಬಸಳೆ

ಮಲೆನಾಡಿನಲ್ಲಿ ಮಳೆಗಾಲದ ಉಭಯಕುಶಲೋಪರಿ ಶುರುವಾಗುವುದು ಅಂಗಳದಿಂದ. ಸಾಗರ, ಸಿರಸಿ, ತೀರ್ಥಹಳ್ಳಿ, ಶೃಂಗೇರಿ ಕಡೆ ಶ್ರಾವಣದಲ್ಲಿ ಯಾರ ಮನೆಗೆ ಹೋದರೂ, ಬಂದವರು ಕೊಡೆ ಮಡಚುವ ಮೊದಲೇ ಅವರ ಕಣ್ಣು ಡೇರೆ ಹೂವಿನ ಮೇಲೆ ಬಿದ್ದಿರುತ್ತದೆ. ಹೋದ ವರ್ಷ ಇಲ್ಲದ ಬಣ್ಣ ಈ ವರ್ಷ ಎಲ್ಲಿಂದ ಬಂತು ಎಂಬ ವಿಚಾರಣೆ ಮುಗಿದ ಮೇಲೆಯೇ ಕಾಲು ತೊಳೆಯಲು ನೀರು. ನರ್ಸರಿಯವರು ಡಾಲಿಯಾ ಎನ್ನುವ ಈ ಗಿಡದ ಹುಚ್ಚನ್ನು ಗಂಡಸರು ನಕ್ಕು ಬದಿಗಿಡುತ್ತಾರೆ, ಬರೆಯುವವರು ಬಾಯ್ತುಂಬ ಹೊಗಳಿ ಕೈಬಿಡುತ್ತಾರೆ. ಎರಡರಲ್ಲೂ ನ್ಯಾಯವಿಲ್ಲ. ಯಕ್ಷಗಾನದ ಆಟವೊಂದನ್ನು ತೂಗಿ ನೋಡುವಂತೆ ಇದನ್ನೂ ತೂಗಿ ನೋಡಬೇಕು. ಕಸುಬು ಎಷ್ಟು ಗಟ್ಟಿ? ವೈವಿಧ್ಯ ಎಷ್ಟು ನಿಜ? ಮುಂದಿನವರಿಗೆ ದಾಟುವುದೇನು?

ಕಸುಬಿನ ವಿಷಯದಲ್ಲಿ ತಕರಾರಿಗೆ ಜಾಗವಿಲ್ಲ. ಡೇರೆಯ ತವರು ಮೆಕ್ಸಿಕೋದ ಎತ್ತರದ ಸೀಮೆ. ಅಲ್ಲಿಂದ ಮ್ಯಾಡ್ರಿಡ್‌ನ ರಾಜೋದ್ಯಾನಕ್ಕೆ ಬಂದ ಗಿಡಕ್ಕೆ 1791ರಲ್ಲಿ ಸಸ್ಯವಿಜ್ಞಾನಿ ಕವನೀಲ್ಯೆಸ್ ಸ್ವೀಡನ್ನಿನ ಆಂಡರ್ಸ್ ಡಾಲ್‌ ಅವರ ನೆನಪಿಗೆ ಹೆಸರಿಟ್ಟರು. 1963ರಲ್ಲಿ ಮೆಕ್ಸಿಕೋ ಅದನ್ನು ತನ್ನ ರಾಷ್ಟ್ರೀಯ ಹೂವೆಂದು ಸಾರಿತು. ಆ ಸೀಮೆಯಲ್ಲೂ ಮಳೆ ನಮ್ಮ ಮುಂಗಾರಿನ ತಿಂಗಳುಗಳಲ್ಲೇ, ಹವೆಯೂ ತಂಪು. ಬಯಲುಸೀಮೆಯಲ್ಲಿ ಚಳಿಗಾಲಕ್ಕೆ ಕಾಯುವ ಡೇರೆ ಮಲೆನಾಡಿನಲ್ಲಿ ಆಷಾಢದ ಮೋಡದಡಿ ಅರಳುವುದಕ್ಕೆ ಈ ತಂಪೇ ಕಾರಣ. ಆದರೆ ತಂಪು ಒಗ್ಗಿದ ಗಡ್ಡೆಗೆ ನಿಂತ ನೀರು ಒಗ್ಗದು, ನಾಲ್ಕು ದಿನದಲ್ಲಿ ಕೊಳೆತು ಹೋಗುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಇಂಥ ಗಿಡವನ್ನು ಹೂವಿಗೆ ತರುವುದು ಸಣ್ಣ ವಿದ್ಯೆಯಲ್ಲ.

ಆ ವಿದ್ಯೆ ಇರುವುದು ಕುಂಡದ ತಳದಲ್ಲಿ. ಹಳೆಯ ಎಣ್ಣೆ ಡಬ್ಬಿ, ಕಿವಿ ಹೋದ ಬಕೆಟ್ಟು, ಸಿಮೆಂಟ್ ಚೀಲ, ಈಗೀಗ ಗ್ರೋಬ್ಯಾಗು, ಯಾವುದಾದರೂ ನಡೆದೀತು. ತಳಕ್ಕೆ ತೂತು, ತೂತಿನ ಮೇಲೆ ಹೆಂಚಿನ ಚೂರು, ಅದರ ಮೇಲೊಂದು ಪದರ ಅಡಿಕೆ ಸಿಪ್ಪೆ ಅಥವಾ ದರಕು, ಆಮೇಲೆ ಕೊಟ್ಟಿಗೆ ಗೊಬ್ಬರ ಬೆರೆತ ಮಣ್ಣು. ಗಡ್ಡೆ ಇಡುವಾಗ ಪಳಗಿದವರು ಮೊದಲು ನೋಡುವುದು ಅದರ ಕುತ್ತಿಗೆಯನ್ನು. ಹಳೆಯ ಕಾಂಡಕ್ಕೆ ಅಂಟಿದ ಆ ಜಾಗದಲ್ಲಷ್ಟೇ ಕಣ್ಣಿರುತ್ತದೆ. ಕಣ್ಣು ಮುರಿದ ಗಡ್ಡೆ ಎಷ್ಟೇ ಕೊಬ್ಬಿದ್ದರೂ ಮೊಳೆಯುವುದಿಲ್ಲ. ರೋಹಿಣಿ ಮಳೆಗೆ ಇಟ್ಟದ್ದು ಆರಿದ್ರೆಯ ಹೊತ್ತಿಗೆ ಗೇಣುದ್ದ ಎದ್ದಿರುತ್ತದೆ. ಕುಡಿ ಚಿವುಟಿದರೆ ಪಕ್ಕದಲ್ಲಿ ಹಿಳ್ಳು ಒಡೆದು ಗಿಡ ಪೊದೆಯಾಗುತ್ತದೆ. ಒಳಗೆ ಪೊಳ್ಳಾದ ಕಾಂಡ ಗಾಳಿಗೆ ಮುರಿಯದಂತೆ ಅಡಿಕೆ ದಬ್ಬೆ ಊರಿ ಬಾಳೆ ನಾರಿನಲ್ಲಿ ಕಟ್ಟಬೇಕು. ರಾತ್ರಿ ಊಟವಾದ ಮೇಲೆ ಬ್ಯಾಟರಿ ಹಿಡಿದು ಬಸವನಹುಳು ಹೆಕ್ಕುವ ಕೆಲಸ ಬೇರೆ.

ಇಷ್ಟಾದ ಮೇಲೆ ಮೊಗ್ಗು. ಕುಡಿಯ ತುದಿಯಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗು ಒಟ್ಟಿಗೆ ಬರುತ್ತವೆ. ನಡುವಿನದು ತುಸು ದೊಡ್ಡದು, ಅಕ್ಕಪಕ್ಕದವು ಕಾಳುಮೆಣಸಿನ ಗಾತ್ರದವು. ಆ ಎರಡನ್ನು ಉಗುರಿನಲ್ಲಿ ಚಿವುಟಿ ಹಾಕಿದರೆ ಗಿಡದ ಕಸುವೆಲ್ಲ ಒಂದಕ್ಕೇ ಹೋಗಿ, ಒಳ್ಳೆಯ ಜಾತಿಯದಾದರೆ ಹೂ ಗೇಣಗಲ ಅರಳುತ್ತದೆ. ಚಿವುಟಲು ಮನಸ್ಸು ಬಾರದವರಿಗೆ ಮೂರು ಸಣ್ಣ ಹೂ, ಒಂದಾದ ಮೇಲೊಂದು, ಹೆಚ್ಚು ದಿನ. ದೇವರಿಗೂ ಮುಡಿಗೂ ಇದೇ ಅನುಕೂಲ. ಒಂದೇ ಮನೆಯಲ್ಲಿ ಅತ್ತೆ ಚಿವುಟುವ ಪಕ್ಷ, ಸೊಸೆ ಬಿಡುವ ಪಕ್ಷ ಆಗಿರುವುದೂ ಉಂಟು. ಹೀಗೆ ಅಭಿರುಚಿಯ ಜಗಳ ಏಳುವ ಕಡೆ ಕಲೆಯೂ ಇರುತ್ತದೆಂದು ನನ್ನ ನಂಬಿಕೆ.

ಇನ್ನು ವೈವಿಧ್ಯ. ನಾವು ಒಂದು ಹೂವೆನ್ನುವುದು ಸೇವಂತಿಗೆ, ಸೂರ್ಯಕಾಂತಿಗಳಲ್ಲಿ ಇರುವಂತೆ ಹಲವಾರು ಪುಟ್ಟ ಹೂಗಳ ಗೊಂಚಲು. ಬಹುತೇಕ ಗಿಡಗಳಲ್ಲಿ ವರ್ಣತಂತುಗಳು ಎರಡು ಕಟ್ಟಿನಲ್ಲಿದ್ದರೆ ತೋಟದ ಡೇರೆಯಲ್ಲಿ ಎಂಟು ಕಟ್ಟು. ಹಾಗಾಗಿ ಬೀಜ ಬಿತ್ತಿದಾಗ ಏನು ಬಂದೀತೆಂದು ಹೇಳಲಾಗದಷ್ಟು ಕಲಬೆರಕೆ ಸಾಧ್ಯ. ಐದು ಸೆಂಟಿಮೀಟರಿನೊಳಗಿನ ಪುಟ್ಟ ಚೆಂಡಿನಿಂದ ಇಪ್ಪತ್ತೈದು ಸೆಂಟಿಮೀಟರ್ ಮೀರಿದ ದೈತ್ಯದವರೆಗೆ, ದುಂಡು ಎಸಳಿನಿಂದ ಸೂಜಿಯಂತೆ ಸುರುಳಿ ಸುತ್ತಿದ ಎಸಳಿನವರೆಗೆ, ನೀಲಿಯೊಂದನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲ ಬಣ್ಣಗಳಲ್ಲೂ ಡೇರೆಯುಂಟು. ಮಳೆಯ ಮಂಕು ಬೆಳಕಿನಲ್ಲಿ, ಪಾಚಿ ಕಟ್ಟಿದ ಅಂಗಳದಂಚಿಗೆ ಇಂಥವು ಸಾಲಾಗಿ ನಿಂತಾಗ ಆಗುವ ಖುಷಿಗೆ ಸಮಜಾಯಿಷಿ ಬೇಕಿಲ್ಲ.

ಆದರೆ ವಿಮರ್ಶೆಯ ಕಣ್ಣು ಇಲ್ಲೇ ತುಸು ಹೊತ್ತು ನಿಲ್ಲಬೇಕು. ಡೇರೆಗೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ನಾವು ಆಸೆಪಟ್ಟು ಆರಿಸುವ ಒತ್ತೆಸಳಿನ ಜಾತಿಗಳಲ್ಲಿ ನಡುವಿನ ಪರಾಗದ ಹೂಗಳೆಲ್ಲ ಎಸಳಾಗಿ ಮಾರ್ಪಟ್ಟಿರುವುದರಿಂದ ಜೇನಿಗೆ ಅಲ್ಲಿ ಸಿಗುವುದು ಅಷ್ಟಕ್ಕಷ್ಟೆ. ಐವತ್ತು ಕುಂಡಗಳ ಅಂಗಳವೂ ಲೆಕ್ಕಕ್ಕೆ ಒಂದೇ ಗಿಡದ ಐವತ್ತು ವೇಷ. ಇದು ಕಣ್ಣಿಗೆ ಕಾಣುವ ವೈವಿಧ್ಯ. ನಾಲಿಗೆ, ಮೂಗು, ಮದ್ದಿನ ಡಬ್ಬಿಗೆ ಇದರಿಂದ ಬರುವುದೇನಿಲ್ಲ.

ಮೂರನೆಯ ಪ್ರಶ್ನೆಗೆ ಡೇರೆ ಕೊಡುವ ಉತ್ತರ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸುತ್ತದೆ. ತಾಯಿಯಂತೆ ಮಗಳು ಎಂಬ ಗಾದೆ ಡೇರೆಯ ಬೀಜಕ್ಕೆ ಸಲ್ಲದು. ಮೆಚ್ಚಿದ ಹೂವೇ ಬೇಕೆಂದರೆ ಗಡ್ಡೆಯನ್ನೋ ಹಿಳ್ಳನ್ನೋ ಯಾರಾದರೂ ಕೊಡಬೇಕು. ಹೀಗಾಗಿ ಮಾತು ನಡೆಯುವುದು ಈ ಧಾಟಿಯಲ್ಲಿ:

“ಅತ್ತಿಗೆ, ಇದರದ್ದೊಂದು ಹಿಳ್ಳು ಕೊಡಿ.”

“ಈ ಜಡಿಮಳೆಗೆ ಹಿಳ್ಳು ಬದುಕೋದಿಲ್ಲ ಮಾರಾಯ್ತಿ. ಹೂ ಮುಗೀಲಿ, ಗಡ್ಡೆನೇ ಕೊಡ್ತೇನೆ. ನಿಮ್ಮನೆ ಹಳದಿದು ನನಗೆ ಇಟ್ಟಿರು, ಮರೀಬೇಡ.”

ಕೇಳಿ ತಂದದ್ದಕ್ಕಿಂತ ಕದ್ದು ತಂದ ಗಿಡ ಚೆನ್ನಾಗಿ ಚಿಗುರುತ್ತದೆಂಬ ನಂಬಿಕೆಯೂ ಚಾಲ್ತಿಯಲ್ಲಿದೆ. ಸಿಕ್ಕಿಬಿದ್ದವರನ್ನು ಯಾರೂ ಬೈಯುವುದಿಲ್ಲ. ಜಾತಿಯ ಅಧಿಕೃತ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ಕೊಟ್ಟವರ ಮನೆಯ ಹೆಸರೇ ಹೂವಿಗೆ ಅಂಟಿಕೊಳ್ಳುತ್ತದೆ. ಈ ಧಾರಾಳತನದಲ್ಲಿ ಜಾಣತನವೂ ಇದೆ. ನವರಾತ್ರಿ ಕಳೆದು ಗಿಡ ಒಣಗಿದಾಗ ಒಣ ಮರಳಿನಲ್ಲಿ ಎತ್ತಿಟ್ಟ ಗಡ್ಡೆ ಮುಂದಿನ ರೋಹಿಣಿಯವರೆಗೆ ಉಳಿಯುತ್ತದೆಂಬ ಖಾತ್ರಿಯಿಲ್ಲ. ನಮ್ಮಲ್ಲಿ ಕೊಳೆತದ್ದು ನಾವು ಕೊಟ್ಟವರ ಮನೆಯಲ್ಲಿ ಉಳಿದಿರುತ್ತದೆ, ವಾಪಸು ಕೇಳಲು ನಾಚಿಕೆಯಿಲ್ಲ. ಹಂಚಿದಷ್ಟೂ ಹೂವಿನ ಆಯುಸ್ಸು ಗಟ್ಟಿ.

ಈ ಪದ್ಧತಿಗೂ ಕುಂದಿದೆ. ಎಲೆಯಲ್ಲಿ ಹಳದಿ ಮಚ್ಚೆ ಮೂಡಿಸಿ ಗಿಡವನ್ನು ಗಿಡ್ಡಾಗಿಸುವ ಮೊಸಾಯಿಕ್ ವೈರಸ್ ಗಡ್ಡೆ, ಹಿಳ್ಳುಗಳ ಜೊತೆಯಲ್ಲೇ ಮನೆಯಿಂದ ಮನೆಗೆ ಹೋಗುತ್ತದೆ. ಹೇನುಹುಳುವೂ ಅದನ್ನು ಹರಡುತ್ತದೆ. ಮದ್ದಿಲ್ಲ, ಗಿಡ ಕಿತ್ತು ಸುಡುವುದೊಂದೇ ದಾರಿ. ಇತ್ತೀಚೆಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಗಡ್ಡೆಗೆ ಬೆಲೆ ಕಟ್ಟಿ ಕೊರಿಯರ್ ಮಾಡುವುದೂ ಬಂದಿದೆ. ಮನೆಯ ಹೆಂಗಸಿನ ಕೈಗೆ ನಾಲ್ಕು ಕಾಸು ಬಂದರೆ ಬೇಡವೆನ್ನಲು ನಾವ್ಯಾರು? ಆದರೂ ಬೆಲೆ ಬಂದ ಹೂವನ್ನು ಸುಮ್ಮನೆ ಕೊಡುವ ಕೈ ಸ್ವಲ್ಪ ಹಿಂದೆ ಸರಿಯುತ್ತದೆ ಎಂಬುದೂ ಸುಳ್ಳಲ್ಲ.

ಅಂಗಳ ದಾಟಿ ಅದೇ ಮನೆಯ ಹಿಂದಕ್ಕೆ ಹೋಗಿ. ಬಚ್ಚಲ ನೀರು ಹರಿಯುವಲ್ಲಿ ಪತ್ರೊಡೆಗೆ ಕೆಸು, ಅದರ ಪಕ್ಕ ಚಪ್ಪರದ ಮೇಲೆ ಬಸಳೆ. ಬಾವಿಕಟ್ಟೆಯ ತೇವದಲ್ಲಿ ತಂಬುಳಿಗೆ ಒಂದೆಲಗ. ಬೇಲಿಗೆ ಚಕ್ರಮುನಿ, ಕಲ್ಲಿನ ಸಂದಿಗೆ ಶೀತಕ್ಕೆ ದೊಡ್ಡಪತ್ರೆ, ಕಡುಬು ಸುತ್ತಲು ಅರಿಶಿನದ ಎಲೆ, ಕಷಾಯಕ್ಕೆ ಮಜ್ಜಿಗೆಹುಲ್ಲು. ಮೂಲೆಯಲ್ಲಿ ಸೂಜಿಮೆಣಸು, ಆಚೆಗೊಂದು ಬಿಂಬುಳಿ ಮರ. ಹತ್ತಡಿ ಜಾಗದಲ್ಲಿ ಬಳ್ಳಿ, ಗಡ್ಡೆ, ಪೊದೆ, ಹುಲ್ಲು, ಮರ ಎಲ್ಲವೂ ಇದ್ದು, ಪ್ರತಿಯೊಂದಕ್ಕೂ ಬೇರೆ ಮಣ್ಣು, ಬೇರೆ ಬಿಸಿಲು, ಬೇರೆ ಅಡುಗೆ. ಮೊಗೆಕಾಯಿಯ ಬೀಜವನ್ನು ಸಗಣಿಯಲ್ಲಿ ಗೋಡೆಗೆ ಬಡಿದಿಡುವುದು, ಬದನೆಯ ಬೀಜಕ್ಕೆ ಬೂದಿ ಬೆರೆಸುವುದು, ಹರಿವೆಯ ಒಂದೆರಡು ದಂಟನ್ನು ಕೊಯ್ಯದೆ ಬೀಜಕ್ಕೆ ಬಿಡುವುದು, ಇವೂ ಕಸುಬೇ. ಒಂದು ಹೂವಿಗಿಂತ ಎಷ್ಟೋ ಪಾಲು ಹೆಚ್ಚಿನ ತಿಳಿವಳಿಕೆ ಇಲ್ಲಿದೆ. ಆದರೆ ನೆಂಟರನ್ನು ಕರೆದು ತೋರಿಸುವುದು ಅಂಗಳವನ್ನು. ಡೇರೆಯ ಹೊಸ ಬಣ್ಣಕ್ಕೆ ಬೆನ್ನು ಬೀಳುವವರು ಅಜ್ಜಿ ಕಾಲದ ಬದನೆಯ ತಳಿ ಕಳೆದುಹೋದದ್ದನ್ನು ಗಮನಿಸುವುದೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದದ್ದು ಸುಮ್ಮನೆಯೇ?

ಇಲ್ಲಿಗೆ ನಿಲ್ಲಿಸಿ ಉಪದೇಶ ಮಾಡಿಬಿಡುವುದು ಸುಲಭ. ಆದರೆ ಹಿತ್ತಲು ಸೊರಗಿದ್ದಕ್ಕೆ ಡೇರೆ ಕಾರಣವಲ್ಲ. ಮಂಗನ ಕಾಟಕ್ಕೆ ಬೇಸತ್ತು ತರಕಾರಿಯ ಆಸೆಯನ್ನೇ ಬಿಟ್ಟ ಮನೆಗಳಿವೆ. ಮಕ್ಕಳು ಬೆಂಗಳೂರು ಸೇರಿ, ಇಬ್ಬರೇ ಉಳಿದ ಮನೆಯಲ್ಲಿ ಚಪ್ಪರ ಹಾಕುವವರಿಲ್ಲ, ಬೆಳೆದ ಬಸಳೆ ತಿನ್ನುವವರೂ ಇಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು. ಅಡಿಕೆ ತೋಟದ ಲೆಕ್ಕ ಬಹುಮಟ್ಟಿಗೆ ಗಂಡಸರ ಕೈಯಲ್ಲಿದೆ. ಹಿತ್ತಲ ಸೊಪ್ಪು ಮನೆಮಂದಿಯ ಊಟಕ್ಕೆ, ಅದು ಅಡುಗೆಯ ಕೆಲಸದ್ದೇ ಮುಂದುವರಿಕೆ. ಬೆಳೆದವಳ ಖುಷಿಯೊಂದಕ್ಕೇ ಇರುವುದು ಡೇರೆ. ಉಪಯೋಗವೇನು ಎಂದು ಕೇಳಿಸಿಕೊಳ್ಳಬೇಕಾಗಿಲ್ಲದ ಒಂದು ಕೆಲಸ ಅವಳಿಗೂ ಇರಲಿ. ಡೇರೆಯ ಬದಲು ಸೊಪ್ಪು ಬೆಳೆ ಎನ್ನುವ ಬುದ್ಧಿವಾದ ಈ ಕಾರಣಕ್ಕೇ ನನಗೆ ಒಪ್ಪಿಗೆಯಿಲ್ಲ.

ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಬಹುದು ಎಂಬುದಕ್ಕೆ ಸಿರಸಿಯಲ್ಲೇ ಉದಾಹರಣೆಯಿದೆ. 2001ರಿಂದ ಕೆಲಸ ಮಾಡುತ್ತ ಬಂದಿರುವ ವನಸ್ತ್ರೀ ಎಂಬ ಮಹಿಳೆಯರ ಬಳಗ ಹಿತ್ತಲ ತರಕಾರಿ, ಹೂಗಳ ನಾಟಿ ಬೀಜ ಉಳಿಸುವುದನ್ನು, ಹಂಚಿಕೊಳ್ಳುವುದನ್ನು ಕೈಗೆತ್ತಿಕೊಂಡಿತು. ಮಲೆನಾಡು ಮೇಳ ಅದರದೇ. ಅಲ್ಲಿ ಬೀಜ ಕೈ ಬದಲಾಯಿಸುವ ರೀತಿಗೂ ಅಂಗಳದಲ್ಲಿ ಡೇರೆ ಗಡ್ಡೆ ಕೈ ಬದಲಾಯಿಸುವ ರೀತಿಗೂ ಹೆಚ್ಚು ಅಂತರವಿಲ್ಲ. ತಂದವರ ಹೆಸರು ನೆನಪಿಡುವುದು, ಬೆಳೆದು ವಾಪಸು ಕೊಡುವುದು, ಹೊಸತು ಕಂಡರೆ ಬಾಯಿಬಿಟ್ಟು ಕೇಳುವುದು. ನಗರದ ತಾರಸಿ ತೋಟದವರು ಕಲಿಯಬೇಕಾದ್ದೂ ಇದನ್ನೇ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿಕೊಂಡು, ಹೊರಗೆ ಹೂವಿದ್ದ ಕುಂಡ ಕೊಂಡು ತಂದು, ಅದು ಒಣಗಿದ ಮೇಲೆ ಇನ್ನೊಂದು ಕೊಳ್ಳುವವರಿಗೆ ಗಿಡ ಸಿಗುತ್ತದೆ, ಗಿಡದ ವಿದ್ಯೆ ಸಿಗುವುದಿಲ್ಲ.

ಒಟ್ಟು ತೀರ್ಮಾನ ಹೇಳುವುದಾದರೆ, ಡೇರೆ ಬೆಳೆಸುವ ಪದ್ಧತಿ ಕಸುಬಿನಲ್ಲಿ ಮೇಲ್ದರ್ಜೆಯದು, ವೈವಿಧ್ಯದಲ್ಲಿ ಅರ್ಧ, ಹಂಚುವ ಗುಣದಲ್ಲಿ ಸರಿಸಾಟಿಯಿಲ್ಲದ್ದು. ಹಿತ್ತಲಿಗೆ ವೈವಿಧ್ಯವಿದೆ, ವಿದ್ಯೆಯೂ ಇದೆ. ಬಂದವರು ಕಣ್ಣರಳಿಸಿ ನೋಡುವ ಮರ್ಯಾದೆಯೊಂದು ಸಿಕ್ಕಿಲ್ಲ. ಆ ಮರ್ಯಾದೆ ಕೊಡಲು ಹೊಸ ಯೋಜನೆಯೇನೂ ಬೇಡ. ಕೊಡುವ ಕೈಗಳಿಗೆ ಕೊಟ್ಟು ಅಭ್ಯಾಸವಿದೆ. ಡೇರೆ ಗಡ್ಡೆ ಕೇಳಲು ಹೋದವರು ಒಂದು ತುಂಡು ಬಸಳೆ ದಂಟು, ನಾಲ್ಕು ಮೊಗೆ ಬೀಜವನ್ನೂ ಕೇಳಿ ತಂದರೆ ಸಾಕು.