ಕೂತಲ್ಲಿಂದ ಎಸೆದ ಕೈ

ಜೋಳ ಹಾಲುಗಾಳಾಗುವ ಹೊತ್ತಿಗೆ ನಿಂಬರ್ಗಾದ ಹೊಲಗಳಲ್ಲಿ ಮಂಚಿಗೆ ಕಟ್ಟುತ್ತಿದ್ದರು. ನಮ್ಮ ಹೊಲ ಕಾಯುವ ಮುತ್ಯಾನ ಮೊಣಕಾಲು ಹಿಡಿದುಕೊಂಡಿದ್ದವು. ಎದ್ದು ನಿಲ್ಲುತ್ತಿರಲಿಲ್ಲ, ಕೂತೇ ಕವಣೆ ಬೀಸುತ್ತಿದ್ದ. ನಾವು ಹುಡುಗರು ಓಡಿ ಬಂದು ಬೀಸಿದ ಕಲ್ಲು ಬದುವಿನ ಈಚೆಗೇ ಬೀಳುತ್ತಿತ್ತು. ಅವನದು ಗಿಳಿಹಿಂಡಿನ ನೆತ್ತಿಯ ಮೇಲೆ ಸುಯ್ಯೆಂದು ಹೋಗುತ್ತಿತ್ತು. ‘ಜೋರು ಕಾಲಾಗಿಲ್ಲೋ ತಮ್ಮಾ, ರಟ್ಟಿ ತಿರುಗೋದ್ರಾಗ ಅದ’ ಎನ್ನುತ್ತಿದ್ದ.

ಗಾಲಿಕುರ್ಚಿಯ ಕ್ರೀಡಾಪಟು ಮಾಲತಿ ಕೃಷ್ಣಮೂರ್ತಿ ಹೊಳ್ಳ ಅವರ ಆಟದ ಸೊಗಸು ನನಗೆ ತಿಳಿದದ್ದು ಆ ಮಾತಿನಿಂದ.

ನಿಂತು ಎಸೆಯುವವರಿಗೆ ಓಟವಿದೆ, ಹಿಮ್ಮಡಿಯ ಒತ್ತಿದೆ, ಸೊಂಟದ ತಿರುವಿದೆ. ಗಾಲಿಕುರ್ಚಿಯ ಕ್ರೀಡಾಪಟುವಿಗೆ ಅದರ ಬಹುಪಾಲು ಇಲ್ಲ. ಎಸೆಯುವ ಕುರ್ಚಿಯನ್ನು ಪಟ್ಟಿಗಳಿಂದ ನೆಲಕ್ಕೆ ಬಿಗಿದಿರುತ್ತಾರೆ. ಈಗಿನ ನಿಯಮದಂತೆ ಮೆತ್ತೆ ಸೇರಿ ಆಸನದ ಎತ್ತರ 75 ಸೆಂಟಿಮೀಟರ್ ಮೀರುವಂತಿಲ್ಲ, ಎಸೆತ ಮುಗಿಯುವವರೆಗೆ ಆಸನ ಬಿಟ್ಟು ಏಳುವಂತಿಲ್ಲ. ಒಂದು ಕೈ ಕುರ್ಚಿಗೆ ಬಿಗಿದ ಗಳುವನ್ನು ಹಿಡಿದಿರುತ್ತದೆ. ಮೈ ನಿಧಾನ ಹಿಂದಕ್ಕೆ ವಾಲುತ್ತದೆ, ಭುಜ ತೆರೆದುಕೊಳ್ಳುತ್ತದೆ, ಅರೆಗಳಿಗೆ ಅಲ್ಲೇ ತಡೆಯುತ್ತದೆ. ನನಗೆ ರುಚಿಸುವುದು ಆ ತಡೆ. ಆಮೇಲೆ ಬೆನ್ನು, ಭುಜ, ಮೊಣಕೈ, ಮಣಿಕಟ್ಟು ಒಂದರ ಹಿಂದೊಂದು ಬಿಚ್ಚಿಕೊಂಡು ಭರ್ಚಿ ಹೊರಟುಹೋಗುತ್ತದೆ. ಓಟದ ಗದ್ದಲವಿಲ್ಲದ್ದರಿಂದ ಎಸೆತದ ಒಂದೊಂದು ಎಳೆಯೂ ಕಣ್ಣಿಗೆ ಬೀಳುತ್ತದೆ.

1958ರ ಜುಲೈ 6ರಂದು ಹುಟ್ಟಿದ ಮಾಲತಿಯವರಿಗೆ ವರ್ಷದ ಕೂಸಿದ್ದಾಗಲೇ ಜ್ವರ ಬಂದು ಇಡೀ ಮೈ ಸ್ವಾಧೀನ ತಪ್ಪಿತು. ಎರಡು ವರ್ಷಕ್ಕೂ ಮೀರಿ ವಿದ್ಯುತ್ ಚಿಕಿತ್ಸೆ ನಡೆದು ಸೊಂಟದ ಮೇಲಿನ ಭಾಗಕ್ಕೆ ಶಕ್ತಿ ಮರಳಿತು, ಕೆಳಗಿನದಕ್ಕೆ ಮರಳಲಿಲ್ಲ. ಬಾಲ್ಯದ ಹದಿನೈದು ವರ್ಷ ಚೆನ್ನೈನ ಮೂಳೆ ಚಿಕಿತ್ಸಾ ಕೇಂದ್ರದಲ್ಲೇ ಕಳೆಯಿತು. ಒಟ್ಟು ಶಸ್ತ್ರಚಿಕಿತ್ಸೆಗಳು 30ಕ್ಕೂ ಹೆಚ್ಚು. ಇಷ್ಟು ಹೇಳಿದೊಡನೆ ಕೇಳುವವರು ‘ಅಯ್ಯೋ ಪಾಪ’ ಎನ್ನುತ್ತಾರೆ. ನನಗದು ಒಗ್ಗದು. ಭರ್ಚಿ ನೆಟ್ಟ ಜಾಗದಿಂದ ಟೇಪು ಹಿಡಿದು ಅಳೆಯುವವನಿಗೆ ಪಾಪ ಗೊತ್ತಿಲ್ಲ, ಸೆಂಟಿಮೀಟರ್ ಗೊತ್ತು.

1989ರಲ್ಲಿ ಡೆನ್ಮಾರ್ಕ್‌ನ ವಿಶ್ವ ಮಾಸ್ಟರ್ಸ್ ಕೂಟದಲ್ಲಿ ಅವರು ನಾಲ್ಕು ಚಿನ್ನ ಗೆದ್ದರು: ಗುಂಡು, ಚಕ್ರ, ಭರ್ಚಿ ಎಸೆತಗಳಲ್ಲಿ, ಜೊತೆಗೆ 200 ಮೀಟರ್ ಗಾಲಿಕುರ್ಚಿ ಓಟದಲ್ಲಿ. ಓಟಕ್ಕೆ ಗಾಲಿಯನ್ನು ಮತ್ತೆ ಮತ್ತೆ ತಳ್ಳುವ ಲಯ ಬೇಕು. ಎಸೆತಕ್ಕೆ ಇದ್ದದ್ದನ್ನೆಲ್ಲ ಒಂದೇ ಸಲ ಚೆಲ್ಲುವ ಧೈರ್ಯ ಬೇಕು. ಒಂದೇ ಕೊರಳಲ್ಲಿ ವಚನವನ್ನೂ ಲಾವಣಿಯನ್ನೂ ಹಾಡಿದ ಹಾಗೆ.

ಪ್ಯಾರಾಲಿಂಪಿಕ್ಸ್ ಪದಕ ಅವರ ಪಾಲಿಗೆ ಬರಲಿಲ್ಲ. ಅಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ದೀಪಾ ಮಲಿಕ್, 2016ರಲ್ಲಿ ರಿಯೋದಲ್ಲಿ, ಕೂತು ಎಸೆದ ಗುಂಡಿಗೆ. ಆದರೆ ಸೋಲ್, ಬಾರ್ಸಿಲೋನಾ, ಅಥೆನ್ಸ್, ಬೀಜಿಂಗ್ ನಾಲ್ಕೂ ಕಡೆ ಮಾಲತಿ ದೇಶದ ಪರವಾಗಿ ಆಡಿದರು. ಬೀಜಿಂಗ್‌ಗೆ ಹೋದಾಗ ವಯಸ್ಸು ಐವತ್ತು. ಸಿಂಡಿಕೇಟ್ ಬ್ಯಾಂಕಿನ ನೌಕರಿ ಮಾಡುತ್ತಲೇ ಇದಿಷ್ಟೂ. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಬಂದವು. ಗೆಳೆಯರೊಡನೆ ಮಾತೃ ಫೌಂಡೇಷನ್ ಕಟ್ಟಿದರು. ಹಳ್ಳಿಗಾಡಿನ ಬಡ ಮನೆಗಳ ಅಂಗವಿಕಲ ಮಕ್ಕಳಿಗೆ ಅಲ್ಲಿ ಊಟ, ಓದು, ಆಸರೆ.

ನಮ್ಮ ಕಡೆಯ ಜಾತ್ರೆಗಳಲ್ಲಿ ಕಲ್ಲು ಎತ್ತುವ ಪೈಪೋಟಿ ನೋಡಿ ಬೆಳೆದವನು ನಾನು. ಸಿಳ್ಳೆ, ಹಲಗೆಯ ಸದ್ದು, ಭಂಡಾರ. ಊರಿನ ಹಿರಿಯರಲ್ಲಿ ಒಂದು ಮಾತು: ಬರುವ ಜಾತ್ರೆಗೆ ಅದೇ ಕಣದ ಒಂದು ಮೂಲೆಯಲ್ಲಿ ನಾಲ್ಕು ಗೂಟ ಹೊಡೆದು ಒಂದು ಕುರ್ಚಿ ಬಿಗಿಯಿರಿ. ಗುಂಡು ಎಸೆಯಲು ಬರುವ ಹುಡುಗಿಗೆ ಸನ್ಮಾನದ ಶಾಲು ಬೇಡ, ಅಳೆಯಲು ಒಂದು ಟೇಪು ತನ್ನಿರಿ.