ಮೊದಲಕ್ಷರದ ನಂಟರು: ಆದ್ಯಕ್ಷರ ರಸಪ್ರಶ್ನೆಯನ್ನು ಕುರಿತು

ಸಾಮಾನ್ಯ ಜ್ಞಾನದ ರಸಪ್ರಶ್ನೆಗಳಲ್ಲಿ ಒಂದು ವಿಶಿಷ್ಟ ಬಗೆಯಿದೆ. ಪ್ರಶ್ನೆಗಳು ಹತ್ತೋ ಇಪ್ಪತ್ತೋ ಇರುತ್ತವೆ. ವಿಷಯ ಭೂಗೋಳವಾಗಬಹುದು, ಇತಿಹಾಸವಾಗಬಹುದು, ಪ್ರಾಣಿಲೋಕವಾಗಬಹುದು. ಆದರೆ ಎಲ್ಲ ಉತ್ತರಗಳೂ ಒಂದೇ ಅಕ್ಷರದಿಂದ ಆರಂಭವಾಗಬೇಕು. ಶಾಲೆಗಳ ವಾರ್ಷಿಕೋತ್ಸವ, ಮಕ್ಕಳ ಪುಟ, ಸ್ಪರ್ಧಾ ಪರೀಕ್ಷೆಗಳ ಅಭ್ಯಾಸ ಪುಸ್ತಕ ಇವುಗಳಲ್ಲಿ ಕಾಣುವ ಈ ಬಗೆಯನ್ನು ಇಲ್ಲಿ ಆದ್ಯಕ್ಷರ ರಸಪ್ರಶ್ನೆ ಎಂದು ಕರೆಯುತ್ತೇನೆ. ಸಾಹಿತ್ಯ ವಿಮರ್ಶೆ ಇಂತಹ ರಚನೆಗಳನ್ನು ಗಂಭೀರವಾಗಿ ಪರಿಗಣಿಸುವುದು ಅಪರೂಪ. ನಾನೂ ಪರಿಗಣಿಸಿರಲಿಲ್ಲ, ಒಂದು ತಪ್ಪು ಮಾಡುವ ತನಕ.

ಕೆಲವು ವರ್ಷಗಳ ಹಿಂದೆ ಹೊಸೂರು ಭಾಗದ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ರಸಪ್ರಶ್ನೆ ನಡೆಸಿಕೊಡುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಎಲ್ಲ ಉತ್ತರಗಳೂ ಹಕಾರದಿಂದ ಆರಂಭವಾಗುವಂತೆ ಒಂದು ಸುತ್ತನ್ನು ಸಿದ್ಧಪಡಿಸಿದ್ದೆ. ಕೃಷ್ಣಗಿರಿ ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ಹತ್ತಿಕೊಂಡಿರುವ ಕೈಗಾರಿಕಾ ಪಟ್ಟಣ ಯಾವುದೆಂಬುದು ಅದರಲ್ಲಿ ಅತ್ಯಂತ ಸುಲಭದ ಪ್ರಶ್ನೆಯೆಂದು ಭಾವಿಸಿದ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ತಟ್ಟನೆ ಎದ್ದು "ಓಸೂರು" ಎಂದಳು. ಉತ್ತರ ಹಕಾರದಿಂದ ಆರಂಭವಾಗಬೇಕೆಂದು ನೆನಪಿಸಿ ಪ್ರಶ್ನೆಯನ್ನು ಮುಂದಿನ ತಂಡಕ್ಕೆ ದಾಟಿಸಿದೆ. "ಬಸ್ಸಿನ ಬೋರ್ಡಿನಲ್ಲಿ ಹಾಗೇ ಬರೆದಿದೆಯಲ್ಲಾ" ಎಂದು ಅವಳು ಹೇಳಿ ಕುಳಿತಳು. ಅವಳಿಗೆ ಊರು ಗೊತ್ತಿತ್ತು. ದಿನವೂ ಅದೇ ಬಸ್ಸಿನಲ್ಲಿ ಬರುವವಳು. ಸಾಮಾನ್ಯ ಜ್ಞಾನವನ್ನು ಅಳೆಯುವೆನೆಂದು ಹೊರಟ ನಾನು ಅಳೆದದ್ದು ಏನನ್ನು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅಕ್ಷರವೆಂಬುದು ಎಲ್ಲರಿಗೂ ಸಮಾನವಾದ ಡಬ್ಬಿಯೆಂದು ಈ ಪ್ರಕಾರ ನಂಬುತ್ತದೆ. ಗಡಿಯ ಭಾಷೆಗಳಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ.

1

ಅಕ್ಷರದ ಕಟ್ಟು ನಮಗೆ ಹೊಸದಲ್ಲ. ಕಾಮಸೂತ್ರದ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಒಗಟಿನ ಪದ್ಯವಾದ ಪ್ರಹೇಲಿಕೆಯೂ, ಇಂದಿನ ಅಂತ್ಯಾಕ್ಷರಿಯ ಪೂರ್ವಜವೆನ್ನಬಹುದಾದ ಪ್ರತಿಮಾಲೆಯೂ ಅಕ್ಕಪಕ್ಕದಲ್ಲಿವೆ. ದಂಡಿಯ ದಶಕುಮಾರಚರಿತದ ಮಂತ್ರಗುಪ್ತ ತುಟಿ ಗಾಯಗೊಂಡ ಕಾರಣ ಓಷ್ಠ್ಯಾಕ್ಷರಗಳನ್ನೇ ಬಳಸದೆ ತನ್ನ ಕಥೆಯನ್ನು ಹೇಳುತ್ತಾನೆ. ಮಕ್ಕಳ ಆಟಗಳಲ್ಲಂತೂ ಇದು ಜೀವಂತ. ಒಂದು ಅಕ್ಷರ ಹಿಡಿದು ಹೆಸರು, ಊರು, ಪ್ರಾಣಿ, ವಸ್ತು ಬರೆಯುವ ಆಟವನ್ನು ಸೊಲ್ಲಾಪುರದ ಮಕ್ಕಳು ಮರಾಠಿಯಲ್ಲಿ ನಾವ, ಗಾವ, ಫಳ, ಫೂಲ ಎಂದು ಆಡುತ್ತಾರೆ.

ರಸಪ್ರಶ್ನೆಯ ರೂಪದಲ್ಲಿ ಇದನ್ನು ಜನಪ್ರಿಯಗೊಳಿಸಿದ್ದರಲ್ಲಿ ಇಂಗ್ಲಿಷ್ ದೂರದರ್ಶನದ ಪಾಲು ದೊಡ್ಡದು. 1983ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ 'ಬ್ಲಾಕ್‌ಬಸ್ಟರ್ಸ್' ಕಾರ್ಯಕ್ರಮದಲ್ಲಿ ಸ್ಪರ್ಧಿಗಳು ಷಟ್ಕೋನಗಳ ಹಲಗೆಯ ಮೇಲಿನ ಒಂದು ಅಕ್ಷರವನ್ನು ಆರಿಸುತ್ತಿದ್ದರು. ಉತ್ತರ ಆ ಅಕ್ಷರದಿಂದಲೇ ಆರಂಭವಾಗಬೇಕಿತ್ತು. ಇಲ್ಲಿ ಅಕ್ಷರ ಎರಡು ಕೆಲಸ ಮಾಡುತ್ತದೆ. ನೆನಪಿನ ಬಾಗಿಲನ್ನು ಅರ್ಧ ತೆರೆಯುವ ಸುಳಿವು ಅದೇ. ಸಮಾನವಾಗಿ ಸರಿಯಾದ ಬೇರೆ ಹೆಸರನ್ನು ಹೊರಗಿಡುವ ಕಾವಲುಗಾರನೂ ಅದೇ. ಒಂದು ಭಾಷೆ, ಒಂದು ಲಿಪಿ, ಒಂದು ನಿಘಂಟು ಇರುವಲ್ಲಿ ಈ ಎರಡನೆಯ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಕನ್ನಡಕ್ಕೆ ಬರುವ ಆದ್ಯಕ್ಷರ ರಸಪ್ರಶ್ನೆಗಳಲ್ಲಿ ಅನೇಕವು ಇಂಗ್ಲಿಷಿನಿಂದ ಇಳಿದವು. ಇಳಿಯುವಾಗಲೇ ಅವು ಒಡೆಯುತ್ತವೆ. ಇಂಗ್ಲಿಷಿನ 'ಸಿ' ಅಕ್ಷರದ ಸುತ್ತಿನಲ್ಲಿ ಈಜಿಪ್ಟಿನ ರಾಜಧಾನಿ, ದಕ್ಷಿಣ ಅಮೆರಿಕದ ಉದ್ದನೆಯ ದೇಶ, ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪ ಒಟ್ಟಿಗೆ ಕೂರುತ್ತವೆ. ಕನ್ನಡದಲ್ಲಿ ಅವು ಕೈರೋ, ಚಿಲಿ, ಸೈಪ್ರಸ್ ಆಗಿ ಮೂರು ಅಕ್ಷರಗಳಿಗೆ ಚೆದುರುತ್ತವೆ. ಆಗ ರಚನೆಕಾರರು ಸುಲಭದ ದಾರಿ ಹಿಡಿಯುತ್ತಾರೆ: ಕಕಾರಕ್ಕೆ ಕೆನಡಾ, ಕೀನ್ಯಾ, ಕ್ಯೂಬಾ ಎಂದು ದೇಶಗಳನ್ನು ಹೊಂದಿಸುತ್ತಾರೆ. ಸುತ್ತು ತುಂಬುತ್ತದೆ, ಕನ್ನಡದ ಕಕಾರದೊಳಗಿನ ಕದಂಬರು, ಕಣಜ, ಕಂದಪದ್ಯ ಇವು ಹೊರಗೇ ಉಳಿಯುತ್ತವೆ. ಅಕ್ಷರ ನಮ್ಮದು, ಅದು ಕಾಯುತ್ತಿರುವ ಜ್ಞಾನ ಮಾತ್ರ ಬೇರೆಡೆಯದು ಎಂಬಂತಾಗುತ್ತದೆ.

2

ಇದಕ್ಕಿಂತ ಮೂಲಭೂತವಾದ ತೊಡಕೊಂದಿದೆ. ಕನ್ನಡದಲ್ಲಿ 'ಒಂದೇ ಅಕ್ಷರ' ಎಂದರೆ ಏನು? ಕನಕ, ಕಾವೇರಿ, ಕಿತ್ತೂರು, ಕೃಷ್ಣೆ ಇವೆಲ್ಲ ಒಂದೇ ಅಕ್ಷರದಿಂದ ಆರಂಭವಾಗುತ್ತವೆಯೇ? ವರ್ಣದ ದೃಷ್ಟಿಯಿಂದ ಹೌದು, ಎಲ್ಲಕ್ಕೂ ಮೊದಲಲ್ಲಿರುವುದು ಕ್ ವ್ಯಂಜನ. ಕಾಗುಣಿತ ಕಲಿತ ಮಗುವಿನ ದೃಷ್ಟಿಯಿಂದ ಅಲ್ಲ. ಅದಕ್ಕೆ ಕ ಬೇರೆ, ಕಾ ಬೇರೆ, ಕಿ ಬೇರೆ. ನಮ್ಮ ರಸಪ್ರಶ್ನೆಗಳು ಇದನ್ನು ಮೊದಲೇ ಸ್ಪಷ್ಟಪಡಿಸುವುದು ಕಡಿಮೆ. ಒಂದೇ ಸುತ್ತಿನಲ್ಲಿ ಒಮ್ಮೆ ಹೀಗೂ ಒಮ್ಮೆ ಹಾಗೂ ನಡೆದುಕೊಂಡ ಉದಾಹರಣೆಗಳು ನನ್ನ ಹಳೆಯ ಪ್ರಶ್ನೆಪಟ್ಟಿಗಳಲ್ಲೇ ಇವೆ.

ಇನ್ನು ಕೆಲವು ಅಕ್ಷರಗಳಿಗೆ ಈ ಆಟದಲ್ಲಿ ಜಾಗವೇ ಇಲ್ಲ. ಣ, ಳ ಅಕ್ಷರಗಳಿಂದ ಕನ್ನಡದ ಪದಗಳು ಆರಂಭವಾಗುವುದಿಲ್ಲ. ಞಕಾರವನ್ನು ವರ್ಣಮಾಲೆಯಲ್ಲಿ ಮಾತ್ರ ನೋಡಿದ ಕನ್ನಡಿಗರೇ ಹೆಚ್ಚು. ಆದರೆ ಕಾಸರಗೋಡಿನ ಮಗುವಿಗೆ ಞ ಸತ್ತ ಅಕ್ಷರವಲ್ಲ. ಮಲಯಾಳದಲ್ಲಿ 'ನಾನು' ಎಂಬ ಪದವೇ ಞಕಾರದಿಂದ ಆರಂಭವಾಗುತ್ತದೆ, ಭಾನುವಾರವೂ ಹಾಗೆಯೇ. ಅಲ್ಲಿನ ಹಿರಿಯ ಕವಿ ಕಯ್ಯಾರ ಕಿಞ್ಞಣ್ಣ ರೈ (1915–2015) ಅವರ ಹೆಸರಿನಲ್ಲಿ ಆ ಅಕ್ಷರ ಒತ್ತಿನೊಡನೆ ಕುಳಿತಿದೆ. ಕಕಾರದ ಸುತ್ತಿನಲ್ಲಿ ಕಯ್ಯಾರರ ಹೆಸರನ್ನು ಉತ್ತರವಾಗಿ ಇಟ್ಟುಕೊಂಡು, ಹೆಸರನ್ನು ಬರೆಯಲು ಹೇಳಿ ನೋಡಬೇಕು. ಗಡಿಯಾಚೆಯ ಮಗು ಸಲೀಸಾಗಿ ಬರೆಯುವಲ್ಲಿ ಒಳನಾಡಿನ ಮಗು ತಡವರಿಸಬಹುದು.

3

ಗಡಿಯ ಊರಹೆಸರುಗಳಿಗೆ ಬಂದಾಗ ಅಕ್ಷರದ ಡಬ್ಬಿ ಪೂರ್ತಿ ಸೋರತೊಡಗುತ್ತದೆ. ಹೊಸೂರನ್ನೇ ನೋಡೋಣ. ಹೆಸರು ಪಾರದರ್ಶಕವಾದದ್ದು: ಹೊಸ ಊರು. ಹಳಗನ್ನಡದಲ್ಲಿ 'ಹೊಸ' ಎಂಬುದು 'ಪೊಸ' ಆಗಿತ್ತು. ಸುಮಾರು 10ನೆಯ ಶತಮಾನದಿಂದ ಪದಾದಿಯ ಪಕಾರ ಹಕಾರವಾಗುತ್ತ ಬಂದಿತು. ಕಾಸರಗೋಡಿನ ತುಳು ಮಾತಿನಲ್ಲಿ 'ಪೊಸ' ಇಂದಿಗೂ ಉಳಿದಿದೆ. ತಮಿಳಿನ ಮೂಲ ವರ್ಣಮಾಲೆಯಲ್ಲಿ ಹಕಾರವಿಲ್ಲ. ಗ್ರಂಥ ಲಿಪಿಯಿಂದ ಪಡೆದ ಅಕ್ಷರವಿದ್ದರೂ ಊರಿನ ಹೆಸರು ಅಲ್ಲಿ ಓಕಾರದಿಂದಲೇ ಬರೆಯಲ್ಪಡುತ್ತದೆ. ಹೀಗೆ ಒಂದೇ ಹೆಸರಿನ ಹಿಂದೆ ಪ, ಹ, ಓ ಎಂಬ ಮೂರು ಮೊದಲಕ್ಷರಗಳಿವೆ. ಅವುಗಳಲ್ಲಿ ಒಂದನ್ನು ಹೇಳಿದ ಹುಡುಗಿಗೆ ನಾನು ಅಂಕ ಕೊಡಲಿಲ್ಲ.

ವಯನಾಡಿನದೂ ಇಂತಹುದೇ ಕಥೆ. ಹೊಯ್ಸಳರ ಕಾಲದ ಕನ್ನಡ ಶಾಸನಗಳು ಅದನ್ನು ಬಯಲ್ನಾಡು ಎನ್ನುತ್ತವೆ. ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾದದ್ದು ವ್ಯಾಪಕ ನಿಯಮ. ತಮಿಳು, ಮಲಯಾಳಗಳ ವಾಯ್, ವಿಲ್, ವಯಲ್ ನಮ್ಮಲ್ಲಿ ಬಾಯಿ, ಬಿಲ್ಲು, ಬಯಲು. ಇಂದಿನ ಕನ್ನಡ ಪತ್ರಿಕೆಗಳು ವಯನಾಡು ಎಂದೇ ಬರೆಯುವುದರಿಂದ ಆ ನಾಡು ಬಕಾರದ ಪಟ್ಟಿಯಿಂದ ವಕಾರದ ಪಟ್ಟಿಗೆ ಮರಳಿದೆ. ನೀಲಗಿರಿಯ ಬಡಗರ ಹೆಸರೇ ಈ ಪರಿವರ್ತನೆಯ ಸಾಕ್ಷಿ. ಬಡಗು ಎಂದರೆ ಉತ್ತರ ದಿಕ್ಕು. ತಮಿಳಿನಲ್ಲಿ ಅದು ವಕಾರದ 'ವಡಕ್ಕು'. ಉತ್ತರದಿಂದ ಬಂದವರೆಂಬ ಅರ್ಥದ ಹೆಸರಿನ ಮೊದಲ ಅಕ್ಷರವೇ ಅವರು ಯಾವ ಭಾಷೆಯ ಕಡೆಯಿಂದ ಬಂದರೆಂಬುದನ್ನೂ ಹೇಳುತ್ತದೆ.

ತಾಳವಾಡಿಯ ಮಗು ಬೇರೊಂದು ಬಗೆಯ ಸಮಸ್ಯೆಯನ್ನು ಎದುರಿಸುತ್ತದೆ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಆದ್ದರಿಂದ ತಮಿಳಿನ ಆದ್ಯಕ್ಷರ ಸುತ್ತಿನಲ್ಲಿ ಕಾವೇರಿ, ಗಂಗೆ, ಗಾಂಧಿ, ಗೋವಾ ಒಂದೇ ಪಂಕ್ತಿಯಲ್ಲಿ ಕೂರಬಹುದು. ಬೆಳಿಗ್ಗೆ ತಮಿಳಿನ ತರಗತಿಯಲ್ಲಿ ಒಂದಾಗಿದ್ದ ಗಾಂಧಿ, ಕಾವೇರಿಯರನ್ನು ಮಧ್ಯಾಹ್ನ ಕನ್ನಡದ ತರಗತಿಯಲ್ಲಿ ಬೇರ್ಪಡಿಸಬೇಕಾದ ಮಗು ತಪ್ಪಿದರೆ ಅದನ್ನು ಅಜ್ಞಾನವೆನ್ನಲಾಗದು. ಅದು ಎರಡು ಲಿಪಿಗಳ ಜ್ಞಾನ ಒಂದೇ ತಲೆಯಲ್ಲಿ ಎದುರುಬದುರಾದ ಕ್ಷಣ.

ನಿಘಂಟುಕಾರರು ಈ ಕಷ್ಟವನ್ನು ಬಲ್ಲರು. ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟಿನಲ್ಲಿ (1961) ಕನ್ನಡದ ಹಾಲು, ತಮಿಳಿನ ಪಾಲ್ ಒಂದೇ ಕುಟುಂಬವಾಗಿ ಪಕಾರದಡಿ ಇವೆ. ಅಲ್ಲಿ ಪದವನ್ನು ಕಾಣಲು ಮೊದಲಕ್ಷರದ ಜೊತೆ ಅದರ ಬಳಗವೂ ಗೊತ್ತಿರಬೇಕು.

4

ಹಾಗಾದರೆ 'ಮೊದಲಕ್ಷರ ಒಂದೇ' ಎಂಬುದನ್ನು ನಿರ್ಣಯಿಸಲು ನಮ್ಮ ಸುತ್ತಲಿನ ಭಾಷೆಗಳಲ್ಲಿ ಬೇರೆ ದಾರಿಗಳಿವೆಯೇ? ಛಂದಶ್ಶಾಸ್ತ್ರದಲ್ಲಿವೆ. ಕನ್ನಡದ ಲಕ್ಷಣಕಾರರು ಮೊದಲಕ್ಷರವನ್ನು ಬಹುಮಟ್ಟಿಗೆ ಸ್ವತಂತ್ರವಾಗಿ ಬಿಟ್ಟರು. ನಾಗವರ್ಮನ ಛಂದೋಂಬುಧಿ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಹೆಸರಿಸುವ ಆರು ಪ್ರಾಸಗಳಲ್ಲಿ ಪಾದಪಾದಕ್ಕೂ ಮರಳಬೇಕಾದದ್ದು ಎರಡನೆಯ ಅಕ್ಷರದ ವ್ಯಂಜನ. ಮಂಜೇಶ್ವರದ ಗೋವಿಂದ ಪೈ 1911ರ ಸುಮಾರಿಗೆ ಕೈಬಿಟ್ಟದ್ದು ಇದೇ ದ್ವಿತೀಯಾಕ್ಷರ ಪ್ರಾಸವನ್ನು. ಮಲಯಾಳದಲ್ಲಿಯೂ ಆ ಕಾಲದ ಆಸುಪಾಸಿನಲ್ಲಿ ಕೇರಳವರ್ಮ, ಎ. ಆರ್. ರಾಜರಾಜವರ್ಮ ಇವರ ಪಕ್ಷಗಳ ನಡುವೆ ದ್ವಿತೀಯಾಕ್ಷರ ಪ್ರಾಸದ ಬಗ್ಗೆ ದೊಡ್ಡ ವಾದವೇ ನಡೆದಿತ್ತು. ಕನ್ನಡದ ಕಿವಿಗೆ ಪದಗಳ ನಂಟು ಕೇಳಿಸುತ್ತಿದ್ದುದು ಎರಡನೆಯ ಅಕ್ಷರದಲ್ಲಿ.

ಮೊದಲಕ್ಷರವನ್ನು ಕಟ್ಟಿದವರು ನಮ್ಮ ನೆರೆಯವರು. ತೆಲುಗು ಪದ್ಯದಲ್ಲಿ ಪಾದದ ಮೊದಲ ಅಕ್ಷರಕ್ಕೆ ಅದೇ ಪಾದದ ನಿಯತ ಸ್ಥಾನದಲ್ಲಿ ಹೊಂದುವ ಅಕ್ಷರ ಬರಬೇಕು. ಅದೇ ಯತಿ ಅಥವಾ ವಡಿ. ಹೊಂದುವುದೆಂದರೆ ಅದೇ ಅಕ್ಷರ ಬರುವುದಲ್ಲ, ಮೈತ್ರಿಯಿದ್ದರೆ ಸಾಕು. ಕ, ಖ, ಗ, ಘ ಮಿತ್ರರು. ಪ, ಫ, ಬ, ಭ, ವ ಮಿತ್ರರು. ಅ, ಆ, ಐ, ಔ ಸ್ವರಗಳಿಗೆ ಯ, ಹ ವ್ಯಂಜನಗಳೂ ಮಿತ್ರರು. ಸ್ವರಗಳೂ ಹೊಂದಬೇಕಾದ್ದರಿಂದ ಕ, ಕಾ ಒಂದಾಗುತ್ತವೆ, ಕ, ಕಿ ಆಗುವುದಿಲ್ಲ. ತಮಿಳಿನ ಮೋನೈಯೂ ಪದಾದಿಯ ಅಕ್ಷರವನ್ನೇ ಹಿಡಿಯುತ್ತದೆ. ಅಲ್ಲಿಯೂ ಚ ಮತ್ತು ತ, ಞ ಮತ್ತು ನ, ಮ ಮತ್ತು ವ ಪರಸ್ಪರ ಒಪ್ಪುವ ಜೋಡಿಗಳು.

ರಸಪ್ರಶ್ನೆಯ ಪಟ್ಟಿಯೊಂದಿಗೆ ಹೋಲಿಸಿದಾಗ ಈ ಶಾಸ್ತ್ರಗಳ ಸೂಕ್ಷ್ಮತೆ ಬೆರಗು ಹುಟ್ಟಿಸುತ್ತದೆ. ಪಟ್ಟಿಯಲ್ಲಿ ಅಕ್ಷರ ಕಣ್ಣಿಗೆ ಕಾಣುವ ಗುರುತು. ಛಂದಸ್ಸಿನಲ್ಲಿ ಅದು ಕಿವಿಗೆ ಕೇಳುವ ಧ್ವನಿ, ಆ ಧ್ವನಿಗೆ ನಂಟರಿದ್ದಾರೆ. ತೆಲುಗಿನ ಯತಿಯ ಮುಂದೆ ವಯನಾಡು, ಬಯಲ್ನಾಡು ಎರಡೂ ಒಂದೇ ಅಕ್ಷರದವು. ಹ ಮತ್ತು ಸ್ವರಗಳ ನಡುವಿನ ನಂಟನ್ನು ಒಪ್ಪುವ ಶಾಸ್ತ್ರದಲ್ಲಿ ಓಸೂರೆಂಬ ಉತ್ತರ ಕನಿಷ್ಠ ವಿಚಾರಣೆಗಾದರೂ ಅರ್ಹವಾಗುತ್ತಿತ್ತು. ಆದೋನಿ, ರಾಯದುರ್ಗ, ಮಡಕಶಿರಗಳಲ್ಲಿ ತೆಲುಗು ಪದ್ಯವನ್ನೂ ಕನ್ನಡ ಪದ್ಯವನ್ನೂ ಓದುವ ಮಗುವಿನ ಎದುರಿಗೆ ಮೊದಲಕ್ಷರದ ಶಾಸ್ತ್ರ, ಎರಡನೆಯ ಅಕ್ಷರದ ಶಾಸ್ತ್ರ ಎರಡೂ ಇವೆ. ಇಂತಹ ಸಂಪತ್ತಿನ ನಡುವೆ ಕೆನಡಾ, ಕೀನ್ಯಾಗಳ ಪಟ್ಟಿಗೆ ತೃಪ್ತಿಪಡುವುದು ಬಡತನವೇ ಸರಿ.

5

ಇದೊಂದು ಆಟ, ಆಟಕ್ಕೆ ಬಿಗಿಯಾದ ನಿಯಮ ಬೇಕು, ಎಲ್ಲ ರೂಪಗಳನ್ನೂ ಒಪ್ಪಿದರೆ ಸ್ಪರ್ಧೆಯೇ ಉಳಿಯದು ಎಂಬ ಆಕ್ಷೇಪ ನ್ಯಾಯವಾದದ್ದು. ನಿಯಮವನ್ನು ಸಡಿಲಿಸಬೇಕೆಂದು ನಾನು ಹೇಳುತ್ತಿಲ್ಲ. ಯತಿ ಮೈತ್ರಿಯೂ ಸಡಿಲ ನಿಯಮವಲ್ಲ. ಯಾವುದು ಯಾವುದಕ್ಕೆ ಹೊಂದುತ್ತದೆಂಬುದನ್ನು ಅದು ಮುಂಚಿತವಾಗಿ, ನಿಖರವಾಗಿ ಹೇಳುತ್ತದೆ. ನಮ್ಮ ರಸಪ್ರಶ್ನೆಗಳು ಮಾಡದಿರುವುದು ಅದನ್ನೇ.

ಗಡಿಭಾಗದ ಶಾಲೆಗಳಿಗಾಗಿ ಬರೆಯುವ ಆದ್ಯಕ್ಷರ ರಸಪ್ರಶ್ನೆಯನ್ನು ಮೂರು ಮಾನದಂಡಗಳಿಂದ ಅಳೆಯಬಹುದು. ಗುಣಿತಾಕ್ಷರಗಳು ಒಂದೇ ಎಂದು ಎಣಿಕೆಯಾಗುತ್ತವೆಯೇ ಎಂಬುದನ್ನು ಅದು ಮೊದಲೇ ಹೇಳಿದೆಯೇ? ಅದರ ಉತ್ತರಗಳು ಆ ಅಕ್ಷರ ಸೇರಿದ ಭಾಷೆಯ ಜ್ಞಾನದಿಂದ ಬಂದಿವೆಯೇ? ಗಡಿ ದಾಟಿದಾಗ ಅಕ್ಷರ ಬದಲಿಸುವ ಹೆಸರುಗಳನ್ನು ಅದು ತಪ್ಪೆಂದು ಹೊರದೂಡುತ್ತದೆಯೇ, ಅಥವಾ ಪ್ರಶ್ನೆಯಾಗಿ ಒಳಗೆ ತರುತ್ತದೆಯೇ? ಮೂರನೆಯದು ಅತ್ಯಂತ ಮುಖ್ಯ. ಏಕೆಂದರೆ ರಾಜ್ಯಭಾಷೆಯಲ್ಲಿ ಒಂದು ಹೆಸರನ್ನೂ ಮನೆಮಾತಿನಲ್ಲಿ ಇನ್ನೊಂದನ್ನೂ ಕಲಿಯುವ ಮಗುವಿಗೆ, ನಿನಗೆ ಗೊತ್ತಿರುವುದರಲ್ಲಿ ಅರ್ಧ ತಪ್ಪು ಎಂದು ಹೇಳುವ ಪರೀಕ್ಷೆಗಳಿಗೆ ಕೊರತೆಯಿಲ್ಲ. ಕನ್ನಡವೂ ಅವುಗಳ ಸಾಲಿಗೆ ಸೇರಿದರೆ ಮಗು ಕನ್ನಡದ ಸುತ್ತಿನಲ್ಲಿ ಕೈ ಎತ್ತುವುದನ್ನು ನಿಲ್ಲಿಸುತ್ತದೆ.

ಅದೇ ಶಾಲೆಗೆ ಇನ್ನೊಮ್ಮೆ ಹೋದರೆ ಕೇಳಬೇಕೆಂದು ಒಂದು ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ: ಕನ್ನಡದಲ್ಲಿ ಹಕಾರದಿಂದ, ತಮಿಳಿನಲ್ಲಿ ಓಕಾರದಿಂದ ಆರಂಭವಾಗುವ, ಹಳಗನ್ನಡದ ರೂಪದಲ್ಲಿ ಹೇಳಿದರೆ ಪಕಾರದಿಂದ ಆರಂಭವಾಗಬೇಕಾದ ಊರು ಯಾವುದು? ಇದಕ್ಕೆ ಬಸ್ಸಿನ ಬೋರ್ಡು ಓದಿದವರು ಉತ್ತರಿಸಬಲ್ಲರು. ಆ ಹುಡುಗಿ ಈಗ ಶಾಲೆ ಬಿಟ್ಟಿರಬಹುದು. ಅವಳ ಹೆಸರಿನ ಮುಂದೆ ನಾನು ಬರೆದ ಸೊನ್ನೆ ಮಾತ್ರ ನನ್ನ ಹಳೆಯ ಅಂಕಪಟ್ಟಿಯಲ್ಲಿ ಇನ್ನೂ ಇದೆ. ತಿದ್ದಬೇಕಾದದ್ದು ಅವಳ ಉತ್ತರವಲ್ಲ, ಆ ಪಟ್ಟಿ.