ಸೊಳ್ಳೆ, ಸೂಕ್ಷ್ಮಜೀವಿ ಮತ್ತು ಅಹಿಂಸೆಯ ಅಳತೆಗೋಲು

ಡೆಂಗೀ ಜ್ವರವನ್ನು ತಡೆಯಲು ಸೊಳ್ಳೆಯೊಳಗೆ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯವನ್ನು ನೆಲೆಗೊಳಿಸುವ ವಿಧಾನವನ್ನು ‘ಕೊಲ್ಲದೆ ರೋಗ ಗೆಲ್ಲುವ ಮಾರ್ಗ’ವೆಂದು ಕೊಂಡಾಡುವುದುಂಟು. ಈ ಪ್ರಶಂಸೆ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದು ಶ್ರಾವಕರು ವಿವೇಚಿಸಬೇಕಾದ ಸಂಗತಿ.

1924ರಲ್ಲಿ ಹರ್ಟಿಗ್ ಮತ್ತು ವೋಲ್ಬಾಕ್ ಎಂಬ ವಿಜ್ಞಾನಿಗಳು ಗುರುತಿಸಿದ ಈ ಜೀವಿ ಅನೇಕ ಕೀಟಗಳಲ್ಲಿ ಸಹಜವಾಗಿಯೇ ಇದೆ. ಹಣ್ಣಿನ ನೊಣದಲ್ಲಿರುವ ಇದನ್ನು ಈಡಿಸ್ ಈಜಿಪ್ಟಿ ಸೊಳ್ಳೆಗೆ ಸೇರಿಸಿದಾಗ ಅದರ ದೇಹದಲ್ಲಿ ಡೆಂಗೀ ವೈರಸ್ಸಿನ ವೃದ್ಧಿ ಕುಂಠಿತವಾಗುತ್ತದೆ. ತಾಯಿಯ ಮೊಟ್ಟೆಯ ಮೂಲಕ ಸಂತತಿಗೂ ಈ ಗುಣ ದಾಟುತ್ತದೆ. ಇಂಡೊನೇಷ್ಯದ ಯೋಗ್ಯಕರ್ತ ನಗರದ 24 ವಿಭಾಗಗಳ ಪೈಕಿ 12ರಲ್ಲಿ ಇಂತಹ ಸೊಳ್ಳೆಗಳನ್ನು ನೆಲೆಗೊಳಿಸಿ ನಡೆಸಿದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅಲ್ಲಿ ಡೆಂಗೀ ಪ್ರಕರಣಗಳು ಶೇ. 77ರಷ್ಟು, ಆಸ್ಪತ್ರೆ ಸೇರಿದವರ ಪ್ರಮಾಣ ಶೇ. 86ರಷ್ಟು ತಗ್ಗಿದ್ದವು. ಇದು ಅಲ್ಪ ಸಾಧನೆಯಲ್ಲ.

ಆದರೆ ಪ್ರಶಂಸಕರು ಒಂದು ಅಂಶವನ್ನು ಮರೆಯುತ್ತಾರೆ. ವೋಲ್ಬಾಕಿಯಾ ಇರುವ ಗಂಡು ಸೊಳ್ಳೆ ಅದಿಲ್ಲದ ಹೆಣ್ಣನ್ನು ಕೂಡಿದರೆ ಮೊಟ್ಟೆಗಳು ಮರಿಯಾಗುವುದಿಲ್ಲ. ಯೋಗ್ಯಕರ್ತದಲ್ಲಿ ಹೊಸ ಸಂತತಿ ಹಳೆಯದರ ಸ್ಥಾನವನ್ನು ಪಡೆದುದು ಈ ನಿಷ್ಫಲತೆಯ ನೆರವಿನಿಂದ. ಸಿಂಗಪುರದಲ್ಲಿಯಂತೂ 2016ರಿಂದ ಇಂತಹ ಗಂಡುಗಳನ್ನಷ್ಟೇ ಬಿಡಲಾಗುತ್ತಿದ್ದು, ಸೊಳ್ಳೆಗಳ ಸಂಖ್ಯೆಯನ್ನು ಕುಗ್ಗಿಸುವುದೇ ಅಲ್ಲಿನ ಉದ್ದೇಶ. ಒಂದು ಕಡೆ ಲಕ್ಷ್ಯ ವೈರಸ್ಸಿನ ಮೇಲೆ, ಇನ್ನೊಂದು ಕಡೆ ಚತುರಿಂದ್ರಿಯ ಜೀವಿಯಾದ ಸೊಳ್ಳೆಯ ಸಂತಾನದ ಮೇಲೆ. ಭಾವಹಿಂಸೆಯನ್ನು ತೂಗುವವರು ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯಲಾರರು. ಪ್ರಯೋಗಶಾಲೆಯಲ್ಲಿ ಜೀವಿಗಳನ್ನು ಕೂಡಿಹಾಕುವುದು ‘ಬಂಧ’ವೆಂಬ ಅತಿಚಾರಕ್ಕೆ ಸಮೀಪವಲ್ಲವೇ ಎಂಬ ಪ್ರಶ್ನೆಯೂ ಉಳಿಯುತ್ತದೆ.

ಹಾಗೆಂದು ವಿಧಾನವನ್ನೇ ತಿರಸ್ಕರಿಸುವುದು ಸರಿಯಲ್ಲ. ದಂಶಮಶಕ ಪರೀಷಹವನ್ನು ಮುನಿಗಳು ಸಹಿಸುವುದು ಸ್ವಂತ ದೇಹದಲ್ಲಿ. ಗೃಹಸ್ಥನು ಅದನ್ನು ನೆರೆಮನೆಯ ಮಗುವಿನ ಮೇಲೆ ಹೇರುವಂತಿಲ್ಲ. ಕೀಟನಾಶಕದ ಹೊಗೆ ಸೊಳ್ಳೆಯೊಡನೆ ನಿರಪರಾಧಿ ಕೀಟಗಳನ್ನೂ ಕೊಲ್ಲುತ್ತದೆ. ಅದರ ಮುಂದೆ ಈ ಮಾರ್ಗ ಅಲ್ಪಹಿಂಸೆಯದು. ಅಲ್ಪಹಿಂಸೆಯನ್ನು ಅನಿವಾರ್ಯವಾದಾಗ ಆಯ್ದುಕೊಳ್ಳುವುದು ವಿವೇಕ. ಅದನ್ನೇ ಅಹಿಂಸೆಯೆಂದು ಕರೆಯುವುದು ಪ್ರಮಾದ.

ಈ ಎರಡಕ್ಕೂ ಮೊದಲು ಯತ್ನಾಚಾರವಿದೆ. ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಮನೆ, ಬಸದಿ, ಧರ್ಮಶಾಲೆಗಳ ತೊಟ್ಟಿ, ಹಂಡೆ, ಹೂಕುಂಡಗಳಲ್ಲಿ ನಿಂತ ನೀರಿನಂಚಿನಲ್ಲಿ. ತೊಟ್ಟಿಗೆ ಬಿಗಿಯಾದ ಮುಚ್ಚಳವಿದ್ದರೆ, ಬಯಲಿನ ಪಾತ್ರೆಗಳನ್ನು ಬೋರಲಿಟ್ಟರೆ, ಮೊಟ್ಟೆಗೆ ಅವಕಾಶವೇ ಇರದು, ಕೊಲ್ಲುವ ಪ್ರಸಂಗವೂ ಬಾರದು. ನೀರನ್ನು ಸೋಸಿ ಕುಡಿಯುವ ಸಮಾಜಕ್ಕೆ ನೀರನ್ನು ಮುಚ್ಚಿಡುವುದು ಹೊಸ ವ್ರತವೇನಲ್ಲ.